ಗೋಡೆಗೆ ಹೊಡೆದ ಬಳಗ

"ಮಗಳ ಮದುವೆಗೆ ಒಬ್ಬ ನೆಂಟನನ್ನೂ ಕರೆಯಲು ಮರೆಯುವುದಿಲ್ಲ! ಎರಡೂ ಕಡೆಯ ಬಳಗವನ್ನು ಒಂದೇ ಗೋಡೆಯ ಮೇಲೆ ನಿಲ್ಲಿಸುತ್ತೇನೆ!" ಎಂದು ನಾನು ಘೋಷಿಸಿದ್ದು ಎಪ್ಪತ್ತರ ದಶಕದಲ್ಲಿ, ಜಲನಗರದ ನಮ್ಮ ಪಡಸಾಲೆಯಲ್ಲಿ. ಶಾಲೆಯಲ್ಲಿ ಇಡೀ ದೇಶದ ನಕಾಶೆ ಬರೆದ ಕೈ. ಬಳಗ ಯಾವ ಲೆಕ್ಕ?

ಒಬ್ಬೊಬ್ಬರಿಗೆ ಒಂದು ಚೀಟಿ, ಒಂದು ಮೊಳೆ. ಸಂಬಂಧಕ್ಕೆ ದಾರ: ಹೆಂಡತಿಯ ತವರು ಸಾರವಾಡಕ್ಕೆ ಕೆಂಪು, ನನ್ನ ಕಡೆಯ ಜೈನಾಪುರಕ್ಕೆ ಹಸಿರು, ಬಬಲೇಶ್ವರದ ಬೀಗರಿಗೆ ಹಳದಿ. ತೀರಿಹೋದವರ ಚೀಟಿಗೆ ವಿಭೂತಿ.

"ಬೀಗರು ಬರೂ ಹೊತ್ತಿನ್ಯಾಗ ಜೇಡರ ಬಲಿ ನೇಯಾಕತ್ತೀರೇನ್ರಿ?" ಎಂದಳು ಹೆಂಡತಿ ದುಂಡವ್ವ.

"ಇದು ಶಾಸ್ತ್ರ!"

"ಗ್ವಾಡಿ ಜರಡಿ ಆತು. ಅದೂ ಶಾಸ್ತ್ರನ?"

ಅಷ್ಟರಲ್ಲಿ ಮೊಳೆ ಮುಗಿದವು. ಕೂಡಲೇ ಕಾನೂನು ಮಾಡಿದೆ: ಹೆಸರೂ ಊರೂ ಒಂದೇ ಇದ್ದರೆ ಚೀಟಿಯೂ ಒಂದೇ! ತೀರಿದ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಪದ್ಧತಿ ಎಂಬುದು ಆಗ ನೆನಪಾಗಬಾರದೇ?

ನಿಶ್ಚಯದ ದಿನ ವರನ ತಂದೆ ಧೂಳಪ್ಪನವರು ಮನೆಮಂದಿಯೊಡನೆ ಬಂದರು. ವರನ ತಂಗಿ ರುಕ್ಮವ್ವ ನನ್ನ ಹಳೆಯ ವಿದ್ಯಾರ್ಥಿನಿ. ಸಾರವಾಡದ ಯಲಗೂರಪ್ಪನ, ಅಂದರೆ ನನ್ನ ಹೆಂಡತಿಯ ಅಣ್ಣನ ಮಗನ, ಹೊಸ ಮಡದಿ. ಹೂವು ತರಲು ಬೆಳಿಗ್ಗೆಯೇ ಟಿಕೋಟಿಗೆ ಹೋದ ಯಲಗೂರಪ್ಪ ಇನ್ನೂ ಬಂದಿರಲಿಲ್ಲ. ರುಕ್ಮವ್ವ ಗೋಡೆಯ ಮೇಲೆ ತನ್ನ ಚೀಟಿಯಿಂದ ಹೊರಟ ದಾರದ ಗುಂಟ ಬೆರಳಾಡಿಸುತ್ತ ಹೋದಳು. ಗಂಡನ ಹೆಸರು ಸಿಕ್ಕಿತು. ಸುತ್ತಲಿನ ತೀರಿದವರ ಚೀಟಿಗಳಂತೆ ಅದರ ಮೇಲೂ ವಿಭೂತಿ!

"ಯಪ್ಪಾ! ನಮ್ಮನಿಯವರಿಗೆ ಈಬತ್ತಿ ಹಚ್ಯಾರ!" ಎಂದು ರುಕ್ಮವ್ವ ಅಳತೊಡಗಿದಳು.

ಸಂಬಂಧ ಒಪ್ಪಿದೆವೆಂದು ಬಾಯಿಗೆ ಹಾಕಿಕೊಳ್ಳುವ ಸಕ್ಕರೆಯ ತಟ್ಟೆಗೆ ಚಾಚಿದ್ದ ಧೂಳಪ್ಪನವರ ಕೈ ಹಿಂದೆ ಸರಿಯಿತು.

"ಮಾಸ್ತರ್ರ, ಟಿಕೋಟ್ಯಾಗ ಏನಾಗೇತಿ? ಖರೇ ಹೇಳ್ರಿ!"

"ಏನೂ ಇಲ್ಲರಿ... ಅದು ತೀರಿಹೋದ ನಮ್ಮ ಮಾವನವರ ಚೀಟಿ. ಅವರ ಹೆಸರೂ ಯಲಗೂರಪ್ಪ..."

"ನನ್ನ ಮಗಳ ದಾರ ನಿಮ್ಮ ಮಾವಗ್ಯಾಕ ಕಟ್ಟೀರಿ? ಹಂಗಾದ್ರ ನನ್ನ ಮಗಳು ನಿಮ್ಮ ಹೇಣ್ತಿಗೆ ಅವ್ವ, ನನ್ನ ಮಗ ಸೋದರಮಾವ, ನಿಮ್ಮ ಹುಡುಗಿಗೆ ಅಜ್ಜ! ಏಳ್ರಿ ಎಲ್ಲಾರೂ!"

ಒಳಕೋಣೆಯಲ್ಲಿ ಮಗಳು ಸಕ್ರವ್ವನ ಬಳೆಗಳ ಸದ್ದು ನಿಂತಿತು. ನನ್ನ ಶಾಸ್ತ್ರ ಅವಳ ಮದುವೆಯನ್ನೇ ನುಂಗುತ್ತಿತ್ತು!

ಆಗ ಬಾಗಿಲಲ್ಲಿ ಹೂವಿನ ಬುಟ್ಟಿ, ಅದರ ಕೆಳಗೆ ಯಲಗೂರಪ್ಪ!

"ಬಸ್ ಕೆಟ್ಟು ನಿಂತಿತ್ತು. ಯಾಕ ಅಳಾಕತ್ತೀರಿ? ಯಾರು ತೀರಿಕೊಂಡ್ರು, ಅತ್ತಿ?"

"ನೀನ ಯಪ್ಪಾ!" ಎಂದಳು ದುಂಡವ್ವ. "ಮೊಳಿ ಮುಗದಾವಂತ ನಿಮ್ಮ ಮಾಮಾ ನಿಮ್ಮಜ್ಜನ ಚೀಟ್ಯಾಗ ಸೇರ್ಸಿ ನಿನ್ನ ಕೊಂದಾರ!"

ಧೂಳಪ್ಪನವರು ನಕ್ಕ ರಭಸಕ್ಕೆ ರುಮಾಲು ಕಳಚಿತು. ಸಕ್ಕರೆ ಬಾಯಿಗೆ ಬಿತ್ತು. ನನಗೆ ಜೀವ ಬಂತು.

ಮದುವೆಯಲ್ಲಿ ನೆಂಟರ ಉಸ್ತುವಾರಿ ನನಗೆ ಸಿಗಲಿಲ್ಲ. ಚಪ್ಪಲಿ ಕಾಯುವ ಕೆಲಸ ಸಿಕ್ಕಿತು. ಅವನ್ನಾದರೂ ಊರುವಾರು ಜೋಡಿಸೋಣವೆಂದು ಬಾಗಿದ್ದೆನಷ್ಟೆ, ದುಂಡವ್ವ ಓಡಿಬಂದಳು:

"ಕೈ ಹಚ್ಚಬ್ಯಾಡ್ರಿ! ಇಲ್ಲೂ ಯಾರದೋ ಜೋಡಿ ಯಾರಿಗೋ ಹಚ್ಚೀರಿ!"