ಮೂರು ಬೆರಳು ತಗ್ಗಿದ ಕಾರು

ಜಗಳಕ್ಕೆಂದು ಹೋಗಿ ನಗೆಪಾಟಲಾಗಿ ಬರುವುದು ನನಗೆ ಹೊಸದಲ್ಲ. ಈ ವರ್ಷ ಅದೆಲ್ಲ ಒಂದು ಹಳೇ ಕಾರಿನ ಸುತ್ತಲೇ ನಡೆಯಿತು.

ಬಸವಕಲ್ಯಾಣದ ನಮ್ಮ ಸಂಘಟನೆಗೆ ಇರುವುದು ಅದೊಂದೇ ಗಾಡಿ, ಬಲು ಎತ್ತರದ್ದು. ನಮ್ಮ ಮುಂದಾಳು ಅಕ್ಕನ ಮೊಣಕಾಲು ಕೆಟ್ಟು ಹತ್ತಲಾಗುತ್ತಿರಲಿಲ್ಲ. ಎತ್ತಿ ಕೂಡಿಸಲು ಹೋದರೆ ಕೈ ಕೊಡವಿದಳು.

“ನಾ ಏನ್ ತೊಗರಿ ಚೀಲ ಏನು? ನಾನ ಹತ್ತಬೇಕು, ನಾನ ಇಳೀಬೇಕು. ಆಗಲಿಲ್ಲಂದ್ರ ಮನ್ಯಾಗ ಕೂಡ್ತೀನಿ.”

ಅಕ್ಕ ಮನೆಯಲ್ಲಿ ಕೂತರೆ ಹೋರಾಟ ಮುಗಿದ ಹಾಗೆ. ಕಾರೇ ತಗ್ಗಬೇಕಾಯಿತು.

ನನ್ನ ಧರಣಿ

ಸ್ಪ್ರಿಂಗನ್ನು ಎರಡು ಸುತ್ತು ಕೊಯ್ದರೆ ಕಾರು ತಗ್ಗುತ್ತದೆ, ಖರ್ಚೂ ಇಲ್ಲ ಎಂದು ಯಾರೋ ಹೇಳಿದರು. ಹುಮನಾಬಾದಿನ ಹೆದ್ದಾರಿ ಬದಿಯ ಗ್ಯಾರೇಜಿನ ಮೇಸ್ತ್ರಿ ಉಸ್ತಾದರ ಹತ್ತಿರ ಹೋದೆ. ಅವರು ಒಪ್ಪಲಿಲ್ಲ.

“ಕೊಯ್ದ ಸ್ಪ್ರಿಂಗ್ ತನ್ನ ಜಾಗಾದಾಗ ನಿಲ್ಲಂಗಿಲ್ಲ ಭಯ್ಯಾ. ಗುಂಡಿಗೆ ಬಿದ್ರ ಜಿಗದು ಹೊರಗ ಬರ್ತದ. ಅಕ್ಕಾರ ಜೀವದ ಪ್ರಶ್ನಿ ಅದ.”

“ಕೊಯ್ಯೂತನಕ ಇಲ್ಲೇ ಧರಣಿ ಕೂಡ್ತೀನಿ!”

ಉಸ್ತಾದ್ ಚಾಪೆ ಹಾಸಿದರು, ಫ್ಯಾನ್ ನನ್ನ ಕಡೆ ತಿರುಗಿಸಿದರು, ಚಹಾ ತರಿಸಿದರು. “ಕೂಡ್ರಿ. ಆದ್ರ ಕೊಯ್ಯಂಗಿಲ್ಲ.”

ಎಷ್ಟೋ ಧರಣಿ ಮಾಡಿದ್ದೇನೆ. ಎದುರಾಳಿ ಇಷ್ಟು ಚೆನ್ನಾಗಿ ನೋಡಿಕೊಂಡದ್ದು ಇದೊಂದರಲ್ಲೇ. ಎರಡನೇ ಚಹಾಕ್ಕೆ ನಾನೇ ಎದ್ದೆ.

ಅಳತೆ

ಕಾರನ್ನು ಬೇಕಾದಂತೆ ಏರಿಳಿಸುವ ಕಿಟ್ ನಮ್ಮ ಕೈಗೆಟುಕದು. ಗಿಡ್ಡ ಸ್ಪ್ರಿಂಗ್ ಮಾತ್ರ ಹಾಕಿ ಹಳೇ ಶಾಕ್ ಅಬ್ಸಾರ್ಬರ್ ಉಳಿಸಿದರೆ ಕಾರು ಕುಣಿಯುತ್ತದೆ. ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು ಎಂದರು ಉಸ್ತಾದ್. ಹೊಸ ಮೈಕಿಗೆ ಎತ್ತಿಟ್ಟ ದುಡ್ಡೆಲ್ಲ ಅಲ್ಲಿಗೆ ಹೋಯಿತು.

“ಎಷ್ಟು ಇಳಸ್ತೀರಿ?” ಎಂದು ಕೇಳಿದೆ.

“ಅದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಕ್ಕಾರ್ನ ಕರ್ಕೊಂಡ ಬರ್ರಿ.”

ಹಳೇ ಟಯರೊಂದರ ಮೇಲೆ ಹಲಗೆಗಳನ್ನು ಪೇರಿಸಿ, ಅಕ್ಕನಿಗೆ ಕೂತು ಏಳಲು ಹೇಳಿದರು. ಆಕೆ ಮುಖ ಕಿವುಚಿದಾಗಲೆಲ್ಲ ಒಂದು ಹಲಗೆ ತೆಗೆದರು. ಮುಖ ತಿಳಿಯಾದಾಗ ಅಳೆದರು: ಕಾರಿನ ಸೀಟಿಗಿಂತ ಮೂರು ಬೆರಳು ಕಡಿಮೆ. ಇಂಥ ತಲೆಗೆ ಯಾವ ಕಾಲೇಜೂ ಪದವಿ ಕೊಟ್ಟಿಲ್ಲ. ಕೊಡುವ ಯೋಗ್ಯತೆಯೂ ಅವಕ್ಕಿಲ್ಲ.

ಅಕ್ಕ ಹೇಳಿದಳು: “ಡಾಕ್ಟರ್ ಸೈತ ನನ್ನ ಮೊಣಕಾಲು ಇಷ್ಟೊತ್ತು ನೋಡಿಲ್ಲ. ಗುಳಗಿನೂ ನೀನ ಬರದ ಕೊಡಪ್ಪಾ.”

ಮೆರವಣಿಗೆ

ಕಾರು ತಗ್ಗಿ ಬಂದ ಮೇಲೆ ಕುಡಿಯುವ ನೀರಿನ ಅರ್ಜಿ ಹಿಡಿದು ಐವರು ಕಚೇರಿಗೆ ಹೊರಟೆವು. ಅಕ್ಕ ತಾನೇ ಹತ್ತಿ ಕೂತಳು. ಮೊದಲ ರೋಡ್ ಹಂಪಿನಲ್ಲೇ ಕಾರಿನ ಹೊಟ್ಟೆ ಉಜ್ಜಿತು. ಆ ಬೀದಿಯ ಹಂಪುಗಳನ್ನೆಲ್ಲ ಗಲಾಟೆ ಮಾಡಿ ಹಾಕಿಸಿದವನು ನಾನೇ! ಭಾರ ಇಳಿಸಲು ಹಿಂದೆ ಕೂತಿದ್ದ ನಾವು ಮೂವರು ಇಳಿದು ಮುಂದೆ ನಡೆದೆವು.

ಕಿಟಕಿಯಿಂದ ಅಕ್ಕ ಗದರಿದಳು: “ಹೆಣದ ಮುಂದ ಹೋದಂಗ ಸುಮ್ಮ ಯಾಕ ನಡ್ಯಾಕತ್ತೀರಿ? ಘೋಷಣೆ ಕೂಗ್ರಿ!”

ಕೂಗಿದೆವು. ಮುಂದೆ ನಾವು, ಹಿಂದೆ ನಿಧಾನವಾಗಿ ಕಾರು, ಒಳಗೆ ಅಕ್ಕ. ಮೆರವಣಿಗೆ ಎಂದುಕೊಂಡು ಜನ ಸೇರುತ್ತ ಹೋದರು. ಗದ್ದಲ ಕೇಳಿ ಅಧಿಕಾರಿಯೇ ಹೊರಗೆ ಬಂದ. ಕಾರು ತಗ್ಗು, ಅಕ್ಕನ ಮುಖ ನೋಡಲು ಸೊಂಟ ಬಗ್ಗಿಸಲೇಬೇಕಾಯಿತು. ನಾವು ವರ್ಷಗಟ್ಟಲೆ ಕೂಗಿದರೂ ಬಗ್ಗದ ಸೊಂಟ ಅದು.

ಕನಿಕರದಿಂದ ಬಾಗಿಲು ತೆಗೆದು, “ನಿಧಾನ ಅಮ್ಮಾ,” ಎಂದು ಇಳಿಸಲು ಕೈ ಚಾಚಿದ. ಈಗ ಕೊಡವುತ್ತಾಳೆ ಎಂದುಕೊಂಡೆವು.

ಅಕ್ಕ ಆ ಕೈಯಲ್ಲಿ ಅರ್ಜಿ ಇಟ್ಟಳು.

“ಇದನ್ನ ಹಿಡೀರಿ ಸಾಹೇಬ್ರ. ಈಗ ಒಂದೀಟು ಸರೀರಿ, ನಾ ಇಳೀಬೇಕು.”