ಜಗಲಿಯ ಮೇಲೆ ಕೂತ ಐರ್ಲೆಂಡಿನ ಅಜ್ಜ

ಒಲೆ ಮೊದಲ ಕಡ್ಡಿಗೇ ಹತ್ತಿಕೊಂಡರೆ, ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ನಾನು ಅಲ್ಲೇ ಇದ್ದರೆ, ಅದನ್ನೂ ಶಿವನ ದಯೆ ಎಂದೇ ಎಣಿಸಿಕೊಳ್ಳುವವಳು ನಾನು. ದೊಡ್ಡ ವರ ಕೇಳುವ ಧೈರ್ಯ ನನಗಿಲ್ಲ. ಎಪ್ಪತ್ತರ ದಶಕದ ಕೊನೆಗೆ ಬಸವಾಪಟ್ಟಣದಲ್ಲಿದ್ದಾಗ ಒಮ್ಮೆ ಮಾತ್ರ, ಯಾರೆಂದು ತಿಳಿಯದ ಒಬ್ಬರ ಮುಂದೆ ಕೈಮುಗಿದು ಕೇಳಿಬಿಟ್ಟೆ.

ತಪ್ಪು ನನ್ನ ಬಾಯಿಯದೇ. ಪಕ್ಕದ ಮನೆಯವರು ಬಂದು ಕೂತಿದ್ದಾಗ, ಅತ್ತೆಯವರ ರೊಟ್ಟಿ ಸ್ವಲ್ಪ ದಪ್ಪ ಎಂದೆ. ಅವತ್ತಿನಿಂದ ಅತ್ತೆ ನನ್ನೊಡನೆ ಮಾತು ಬಿಟ್ಟರು. ನನಗೆ ಹೇಳಬೇಕಾದದ್ದನ್ನೆಲ್ಲ ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು. “ಸಾರಿಗೆ ಉಪ್ಪು ಕಮ್ಮಿ ಆಗೈತೆ, ಕೇಳಿಸ್ತೇನಪ್ಪ?” ನಾನು ಓಡಿಬಂದು ಉಪ್ಪು ಹಾಕಿದರೆ, “ಹ್ಞೂ, ಈಗ ಸರಿ ಐತೆ ನೋಡಪ್ಪ” ಎಂಬ ಶಹಬ್ಬಾಸ್‌ಗಿರಿಯೂ ಕಂಬಕ್ಕೇ.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಒಂದು ವಾರದ ತರಬೇತಿಗೆಂದು ಜಗಳೂರಿಗೆ ಹೊರಟಾಗ, ಸ್ನೇಹಿತರು ಕಳಿಸಿದ್ದ ಅಚ್ಚಿನ ಚಿತ್ರವೊಂದನ್ನು ಕೊಟ್ಟು, “ಇದಕ್ಕೊಂದು ಕಟ್ಟು ಹಾಕಿಸಿಡು” ಎಂದರು. ಬಿಳಿ ಗಡ್ಡ, ಹೆಗಲ ಮೇಲೆ ಶಾಲಿನಂಥದ್ದು, ಅರೆಮುಚ್ಚಿದ ಕಣ್ಣು. ದೂರದಿಂದ ಬರುವ ಯಾವುದೋ ದನಿಗೆ ಕಿವಿಗೊಟ್ಟಂಥ ಮುಖ. ಯಾವುದೋ ಮಠದ ಅಜ್ಜಾರೇ ಇರಬೇಕು ಅಂದುಕೊಂಡೆ. ಕೆಳಗೆ ಇಂಗ್ಲಿಷಿನಲ್ಲಿ ಏನೋ ಇತ್ತು. ನನಗಂತೂ ಓದಲು ಬಾರದು. ಚನ್ನಗಿರಿಯ ಕಟ್ಟು ಹಾಕುವವನು ಅದನ್ನು ಮರದ ಪಟ್ಟಿಯೊಳಗೆ ಮುಚ್ಚಿಯೂ ಬಿಟ್ಟ. ದೇವರ ಜಗಲಿಯ ಮೇಲಿಟ್ಟು, ಗಾಜಿಗೆ ಮೂರು ಬೆರಳು ವಿಭೂತಿ ಎಳೆದು, “ಅತ್ತೆ ಒಂದು ಮಾತಾಡಿದರೆ ಸಾಕು ಅಜ್ಜಾ, ಸಕ್ಕರೆ ಹಂಚುತ್ತೇನೆ” ಎಂದು ಬೇಡಿಕೊಂಡೆ.

ಮೂರನೆಯ ದಿನ ಅತ್ತೆ ಕಂಬವನ್ನು ದಾಟಿ ಬಂದು ನನ್ನನ್ನೇ ಕೇಳಿದರು: “ಯಾವ ಮಠದ ಅಜ್ಜಾರವ್ವ ಇವರು? ಮಕದಾಗೆ ಏನು ಕಳೆ ಐತೆ!”

ಬೀದಿಗೆಲ್ಲ ಸಕ್ಕರೆ ಹಂಚಿದೆ.

ವಾರ ಕಳೆದು ಬಂದ ಮನೆಯವರು ಜಗಲಿ ನೋಡಿ, ನಗು ತಡೆಯಲಾರದೆ ಅಲ್ಲೇ ಕುಸಿದು ಕೂತರು. “ಏ ಪುಣ್ಯಾತ್ಗಿತ್ತಿ, ಇವರು ಐರ್ಲೆಂಡಿನ ಪಂಡಿತರು ಕಣೆ! ಅಲ್ಲಿ ಜನ ತಮ್ಮ ಭಾಷೆ ಬಿಟ್ಟು ಇಂಗ್ಲಿಷ್ ಹಿಡಿದಾಗ, ಹಳ್ಳಿ ಮುದುಕೇರ ಮುಂದೆ ಕುಂತು ಒಂದೊಂದೇ ಮಾತು ಬರ್ಕಂಡು ಪುಸ್ತಕ ಮಾಡಿದೋರು. ಇಳಿಸು, ಶಾಲೆಯಾಗೆ ಹಾಕಾಕೆ ಬೇಕು.”

“ಮೆಲ್ಲಗೆ ಮಾತಾಡ್ರೀ!” ಎಂದೆ. ಅತ್ತೆಗೆ ತಿಳಿದರೆ ನನ್ನ ಪಾಲಿಗೆ ಮತ್ತೆ ಕಂಬವೇ ಗತಿ. ಅಲ್ಲದೆ ವಿಭೂತಿ ಕಂಡ ಪಟವನ್ನು ಇಳಿಸಿದರೆ ಹೊಳೆಗೇ ಬಿಡಬೇಕು. ಹೊನ್ನಾಳಿಯ ಹೊಳೆಯಲ್ಲಿ ಅಜ್ಜ ಮೆಲ್ಲನೆ ತೇಲುತ್ತಾ, ಬಟ್ಟೆ ಒಗೆಯುವ ಹೆಂಗಸರ ಮಾತಿಗೆಲ್ಲ ಕಿವಿಗೊಡುತ್ತಾ, ಎಂದೋ ಒಂದು ದಿನ ಕಡಲು ಸೇರಿ ತನ್ನೂರು ಮುಟ್ಟಿದಂತೆ ನಿಂತಲ್ಲೇ ಕನಸು ಬಿತ್ತು.

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಅತ್ತೆ ಬಂದರು. ಎಲ್ಲ ಕೇಳಿಸಿಕೊಂಡಿದ್ದರು. “ಮುದುಕೇರ ಮಾತು ಕೇಳ್ತಿದ್ರಾ? ಹಂಗಾದ್ರೆ ಅಜ್ಜಾರೇ ಸೈ. ಇಳಿಸ್ಬ್ಯಾಡ್ರಿ. ಈ ಮನೆಯಾಗೆ ನನ್ನ ಮಾತು ಕೇಳಾಕೆ ಆ ಕಂಬ ಬಿಟ್ರೆ ಯಾರದಾರೆ?”

ಪಟ ಜಗಲಿಯ ಮೇಲೇ ಉಳಿಯಿತು.

ಅಂದಿನಿಂದ ಮಧ್ಯಾಹ್ನವಾದರೆ ಅತ್ತೆ ಜಗಲಿಯ ಮುಂದೆ ಕೂತು ತಮ್ಮ ತವರಿನ ಸುದ್ದಿ ಹೇಳುವರು. ನಾನು ಸೌಟು ಹಿಡಿದು ಅಡುಗೆಮನೆಯಿಂದಲೇ ಕೇಳುತ್ತಾ ಎಲ್ಲೋ ಕಳೆದುಹೋಗುವೆ. ಸಾರು ಎಷ್ಟೋ ಸಲ ಸೀದಿದೆ. ಒಂದು ದಿನ ಅವರು ಕೈಮುಗಿದು ಹೇಳುತ್ತಿದ್ದರು: “ನಮ್ಮ ಹುಡುಗಿ ಒಳ್ಳೇದು ಅಜ್ಜಾ. ಬಾಯಿ ಮಾತ್ರ ಒಂದೀಟು ಕಮ್ಮಿ ಮಾಡು, ನಾನೂ ಸಕ್ಕರೆ ಹಂಚ್ತೀನಿ.”

ವರ್ಷಗಳೇ ಆದವು. ನಿಮ್ಮ ಮುಂದೆ ಇಷ್ಟುದ್ದ ಮಾತಾಡಿದವಳು ನಾನು. ಆ ಸಕ್ಕರೆ ಇನ್ನೂ ಯಾರ ಬಾಯಿಗೂ ಬಿದ್ದಿಲ್ಲವೆಂದು ಬೇರೆ ಹೇಳಬೇಕೆ?