ಭೈರೂ ಹಾಕಿದ ಪ್ರದಕ್ಷಿಣೆ

ಪುಣ್ಯ ಕಟ್ಟಿಕೊಳ್ಳಲು ಹೋಗಿ ಪಾಪ ತರುವುದು ನನಗೆ ಹೊಸದಲ್ಲ. ಏಕಾದಶಿಗೆ ಹೊಟ್ಟೆ ಬಿರಿಯುವಷ್ಟು ಸಾಬುದಾಣಿ ಖಿಚಡಿ ತಿಂದು ದ್ವಾದಶಿಯಿಡೀ ಹಾಸಿಗೆ ಹಿಡಿದದ್ದುಂಟು. ಆದರೆ ಅಂಥವುಗಳ ಪೆಟ್ಟೆಲ್ಲ ನನಗೇ ಬೀಳುತ್ತಿತ್ತು. ಈ ಸಲದ್ದು ನಮ್ಮ ನಾಯಿಗೆ ಬಿತ್ತು. ಅದಕ್ಕೇ ಈಗಲೂ ಹೇಳಿ ನಗುವಾಗ ಮನಸ್ಸು ಚುರ್ರೆನ್ನುತ್ತದೆ.

ಶೇಂಗಾದ ಲೆಕ್ಕ

ಪುಣೆಯ ಕೊಂಢವಾದಲ್ಲಿ ನಮ್ಮ ಮನೆ. ನಾಯಿಯ ಹೆಸರು ಭೈರೂ. ಹೋದ ಮಳೆಗಾಲದಲ್ಲಿ ನನ್ನ ಬಲ ಮೊಣಕಾಲು ಹಿಡಿದುಕೊಂಡಿತ್ತು. ನೋವು ಇಳಿದರೆ ಐದು ಶನಿವಾರ ನೂರೆಂಟು ಪ್ರದಕ್ಷಿಣೆ ಹಾಕುತ್ತೇನೆಂದು ನಮ್ಮ ಓಣಿಯ ಮಾರುತಿಗೆ ಹರಕೆ ಹೊತ್ತೆ. ಇಳಿಯಿತು. ಅಲ್ಲಿ ಗುಡಿಯನ್ನೂ ಅರಳಿಕಟ್ಟೆಯನ್ನೂ ಸೇರಿಸಿ ಹೊರಗಿನಿಂದ ಸುತ್ತುವ ವಾಡಿಕೆ. ಹಾಗಾಗಿ ಭೈರೂನನ್ನೂ ಕರೆದೊಯ್ದೆ. ಅವನಿಗೂ ನಾಲ್ಕು ಹೆಜ್ಜೆ ಪುಣ್ಯ ಬರಲಿ ಎಂದು.

ಒಂದು ಕೈಯಲ್ಲಿ ಅವನ ಹಗ್ಗ ಇದ್ದುದರಿಂದ ಜಪಸರ ಎಣಿಸಲು ಆಗುತ್ತಿರಲಿಲ್ಲ. ನಮ್ಮೂರ ಸಾಲಿಯ ಮಾಸ್ತರರು ಶೇಂಗಾ ಇಟ್ಟು ಎಣಿಕೆ ಕಲಿಸಿದವರು. ಅದೇ ಪದ್ಧತಿ ಹಿಡಿದೆ. ಬಲಗಿಸೆಯ ತುಂಬ ಶೇಂಗಾ, ಒಂದು ಸುತ್ತಿಗೆ ಒಂದು ಕಾಳು ಎಡಗಿಸೆಗೆ. ಲೆಕ್ಕವೆಲ್ಲ ಎಡಗಿಸೆಯದು.

ಮೂರನೆಯ ಶನಿವಾರ, ತೊಂಬತ್ತರ ಆಚೀಚೆ ಇರುವಾಗ, ನಿಂತು ಕಣ್ಣು ಮುಚ್ಚಿ ಕೈ ಮುಗಿದೆ. ಕಣ್ಣು ತೆರೆಯುವಷ್ಟರಲ್ಲಿ ಎಡಗಿಸೆಯೊಳಗೆ ಭೈರೂನ ಮೂತಿ ಇತ್ತು. ಎಷ್ಟು ತಿಂದ, ಎಷ್ಟು ಚೆಲ್ಲಿದ, ಮಾರುತಿಯೇ ಬಲ್ಲ. ಇರಲಿ ಬಿಡಿ ಕಾಕಾ, ದೇವರಿಗೆ ತಿಳಿಯುತ್ತದೆ ಎಂದು ಪೂಜಾರಿ ಮರಾಠಿಯಲ್ಲಿ ಸಮಾಧಾನ ಹೇಳಿದ. ಆದರೆ ಎಣಿಕೆ ತಪ್ಪಿದರೆ ಮೊದಲಿನಿಂದ ಅನ್ನುವುದು ನಮ್ಮ ಮಾಸ್ತರರ ಕಟ್ಟಳೆ. ಮತ್ತೆ ಒಂದರಿಂದ ಶುರು ಮಾಡಿದೆ, ಭೈರೂ ಸಮೇತ.

ಮನೆಗೆ ಬಂದು ಹೆಮ್ಮೆಯಿಂದ ಹೇಳಿದೆ. ಹೆಂಡತಿ ಭಕ್ರಿ ಬಡಿಯುತ್ತಲೇ ಕೇಳಿದಳು, "ಶೇಂಗಾ ತಿಂದಾಂವಗ ಶಿಕ್ಷಾ ಆತು. ಕಿಸೇ ತೆರದಿಟ್ಟಾಂವಗ?"

ನಕಲು

ಮರುದಿನ ಭೈರೂ ಬಲ ಮುಂಗಾಲು ಎತ್ತಿ ಎತ್ತಿ ಇಡತೊಡಗಿದ. ಹಿಂದೆ ನಾನು ಕುಂಟುತ್ತಿದ್ದುದೂ ಬಲಗಾಲೇ. ಯಜಮಾನರ ನಕಲು ಮಾಡುತ್ತಾನೆ ಎಂದು ವಾಚ್‌ಮನ್ ಕಟ್ಟಡಕ್ಕೆಲ್ಲ ಸಾರಿದ. ಜನ ನೋಡಲು ಬಂದರು. ನಾನೂ ನಕ್ಕೆ. ಶಾಣ್ಯಾ ಎಂದು ಬೆನ್ನು ತಟ್ಟಿ ಒಂದು ಬಿಸ್ಕೀಟು ಕೊಟ್ಟೆ. ಇನ್ನೊಮ್ಮೆ ನಡೆದು ತೋರಿಸು ಎಂದೆ. ಪಾಪ, ತೋರಿಸಿದ.

ಸೋಮವಾರ ಸಂಜೆ ಭಕ್ರಿ ಹಾಕಿದರೂ ಏಳಲಿಲ್ಲ. ಪಾದ ನೆಕ್ಕುತ್ತ ಕೂತಿದ್ದ. ಹಿಡಿದು ನೋಡಿದರೆ ಅಡಿಯ ಚರ್ಮ ಸವೆದು ಕೆಂಪಾಗಿತ್ತು. ನಾನು ಮುಟ್ಟಿದಾಗ ಅವನು ಗುರ್ ಎನ್ನಲಿಲ್ಲ, ಮೆಲ್ಲಗೆ ಕಾಲು ಹಿಂದಕ್ಕೆ ಎಳೆದುಕೊಂಡ. ಕಚ್ಚಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಹೆಂಡತಿ ಬಿಸಿನೀರು ತಂದು ಅವನ ಪಾದ ಒರೆಸಿದಳು. ಆಮೇಲೆ ಅಂದಳು, "ನೀವು ಕುಂಟುವಾಗ ನಿಮಗ ಯಾರೂ ಬಿಸ್ಕೀಟ್ ಕೊಡಲಿಲ್ಲ ನೋಡ್ರಿ."

ಡಾಕ್ಟರರ ಪ್ರಶ್ನೆ

ಪಶುವೈದ್ಯೆ ಸಣ್ಣ ವಯಸ್ಸಿನ ಹೆಣ್ಣುಮಗಳು. ಬಹಳ ಓಡಿಸಿದಿರಾ ಎಂದು ಕೇಳಿದಳು. ಓಡಿಸಿಲ್ಲ, ಪ್ರದಕ್ಷಿಣೆ ಹಾಕಿಸಿದೆ ಎಂದೆ. ಎಷ್ಟು ಎಂದಳು. ಇನ್ನೂರರ ಹತ್ತಿರ ಎಂದೆ. ಅವಳ ಪೆನ್ನು ನಿಂತಿತು.

ಕಾಲು ಸ್ವಲ್ಪ ಉಳುಕಿದೆ, ಪಾದ ಸವೆದಿದೆ, ಹೆದರಬೇಡಿ, ಎರಡು ವಾರ ವಿಶ್ರಾಂತಿ ಕೊಡಿ ಎಂದು ಪಟ್ಟಿ ಕಟ್ಟಿದಳು. ಅಷ್ಟು ಸುತ್ತು ಯಾತಕ್ಕೆ ಎಂದು ವಿಚಾರಿಸಿದಾಗ, ನನ್ನ ಮೊಣಕಾಲಿನ ಹರಕೆ ಎಂದು ಹೇಳಲೇಬೇಕಾಯಿತು. ಅವಳು ನನ್ನ ಕಾಲು ನೋಡಿದಳು, ಅವನ ಕಾಲು ನೋಡಿದಳು.

"ನಿಮ್ಮದು ಗುಣ ಆಯಿತೇ ಕಾಕಾ?"

ಆಯಿತು ಎಂದೆ. ಜೀವನದಲ್ಲಿ ಒಂದು ಸಲ, ನೋವಿದೆ ಎಂದು ಸುಳ್ಳು ಹೇಳುವ ಆಸೆಯಾಯಿತು.

ಮೊದಲಿನಿಂದ

ನಾಲ್ಕನೆಯ ಶನಿವಾರ ಮಾರುತಿಯ ಅಪ್ಪಣೆ ಬೇಡಿ ಮನೆಯಲ್ಲೇ ಉಳಿದೆ. ಎರಡು ವಾರಕ್ಕೆ ಭೈರೂನ ಕಾಲು ನೆಟ್ಟಗಾಯಿತು. ಆದರೆ ನಾನು ಹಗ್ಗ ತೆಗೆದುಕೊಂಡರೆ ಮಂಚದ ಕೆಳಗೆ ಹೋಗುತ್ತಿದ್ದ. ಶೇಂಗಾ ತೋರಿಸಿದರೆ ಇನ್ನೂ ಒಳಗೆ. ಹೆಂಡತಿ ಕರೆದರೆ ಬರುತ್ತಿದ್ದ. ನನ್ನ ಕೈಯಿಂದ ಒಂದು ತುತ್ತೂ ತಿನ್ನುತ್ತಿರಲಿಲ್ಲ. ಆರು ವರ್ಷ ನನ್ನ ಕಾಲ ಬುಡದಲ್ಲಿ ಮಲಗಿದ ಪ್ರಾಣಿ.

ಹರಕೆ ಮುಂದುವರಿಸಿದ ಶನಿವಾರ ಹೆಂಡತಿಯೇ ಅವನನ್ನು ರಿಕ್ಷಾದಲ್ಲಿ ಕರೆತಂದಳು. ಅರಳಿಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಕೂರಿಸಿದಳು. ನಾನೊಬ್ಬನೇ ಸುತ್ತತೊಡಗಿದೆ. ಸುತ್ತಿಗೊಂದು ಶೇಂಗಾ ಅವನ ಮುಂದೆ ಇಟ್ಟು, ತಪ್ಪಾಯಿತಪ್ಪಾ ಎಂದು ಕೈ ಮುಗಿದು ಮುಂದೆ ಹೋಗುವುದು. ಅವನು ಪ್ರತಿ ಸಲವೂ ಮುಖ ತಿರುಗಿಸುತ್ತಿದ್ದ. ಕಾಳಿನ ಗುಡ್ಡೆ ಬೆಳೆಯುತ್ತಿತ್ತು, ಈ ಸಲದ ಲೆಕ್ಕವೂ ಅದೇ.

ಗುಡಿಗೆ ಹೊಸದಾಗಿ ಬಂದ ಒಬ್ಬ ಹೆಂಗಸು ಇದನ್ನು ನೋಡುತ್ತ ನಿಂತಳು. ಕಟ್ಟೆಯ ಮೇಲೆ ಆಸನ ಹಾಕಿ ಕೂತ ನಾಯಿ, ಮುಂದೆ ನೈವೇದ್ಯ, ಸುತ್ತು ಹಾಕುತ್ತಿರುವ ಪಂಚೆಯುಟ್ಟ ಮುದುಕ. ಕಟ್ಟೆಯ ಮೇಲೊಂದು ಬೆಲ್ಲದ ತುಣುಕು ಇಟ್ಟು, ಭೈರೂಗೆ ನಮಸ್ಕಾರ ಮಾಡಿ, ನನ್ನ ಹಿಂದೆಯೇ ಸುತ್ತತೊಡಗಿದಳು. ಈ ದೇವರಿಗೆ ಎಷ್ಟು ಹಾಕಬೇಕು ಎಂದು ಕೇಳಿದಳು.

"ನನ್ನ ಸಲುವಾಗಿ ಇವನು ಎಷ್ಟು ಹಾಕಿದ್ದಾನೋ ಅಷ್ಟು" ಎಂದೆ.

ಆಕೆಗೆ ಏನು ತಿಳಿಯಿತೋ, ತಲೆಯಾಡಿಸಿದಳು.

ಎಷ್ಟನೆಯ ಸುತ್ತೋ, ಕಾಳು ಇಡಲು ಕೈ ಚಾಚಿದಾಗ ಭೈರೂ ನನ್ನ ಮುಖ ನೋಡಿದ. ಬಾಲ ಒಮ್ಮೆ ಕಟ್ಟೆಗೆ ಬಡಿಯಿತು. ನನ್ನ ಅಂಗೈಯ ಕಾಳನ್ನು ನಾಲಗೆಯಿಂದ ತೆಗೆದುಕೊಂಡ. ಆಮೇಲೆ ತಲೆ ಬಗ್ಗಿಸಿ ಗುಡ್ಡೆಯನ್ನೂ ಬೆಲ್ಲವನ್ನೂ ಒಂದು ಕಾಳು ಬಿಡದೆ ಮುಗಿಸಿದ.

ನನ್ನ ಕಣ್ಣಲ್ಲಿ ನೀರು. ಪೂಜಾರಿ ದೂರದಿಂದ ನಗುತ್ತಿದ್ದ. ಎಷ್ಟಾಯಿತು ಕಾಕಾ ಎಂದು ಕೇಳಿದ.

ಒಂದು ಎಂದೆ, ಮತ್ತೆ ಹೊರಟೆ.

ಹಿಂದಿನಿಂದ ಆ ಹೆಂಗಸು ಗಾಬರಿಯಾಗಿ ಕೇಳಿದಳು, "ಕಾಕಾ, ನಂದೂ ಮೊದಲಿನಿಂದಲೇ?"